ಬೋಳು ತಲೆಯ ಗಿರಾಕಿ

ಇನ್ಶೂರೆನ್ಸ್ ಕಂಪನಿಯ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಕೂದಲು ಉದುರುವುದಕ್ಕೆ ಮಾಡಿಸುವ ಚಿಕಿತ್ಸೆ ಸೌಂದರ್ಯ ಚಿಕಿತ್ಸೆಯ ಪಟ್ಟಿಯಲ್ಲಿ ಬರುತ್ತದೆ, ಆದ್ದರಿಂದ ಅದರ ಖರ್ಚು ಕೊಡಲು ಆಗುವುದಿಲ್ಲ, ತಮ್ಮ ಸಹಕಾರಕ್ಕೆ ಧನ್ಯವಾದ. ಅವಳು ಯಾವ ಸಹಕಾರವನ್ನೂ ಕೊಟ್ಟಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ಕಂಪನಿ ಅವಳಿಗೂ ಇದೇ ಮೂರು ಸಾಲು ಬರೆದಿತ್ತು. ಈ ಸಲ ಮೇಲಿನ ಹೆಸರು ಮಾತ್ರ ಬೇರೆ. ಅದು ಮಗಳದ್ದು.

ಮಗಳಿಗೆ ಹದಿನಾರು ವರ್ಷ. ಎರಡು ತಿಂಗಳ ಹಿಂದೆ ಜಡೆ ಹೆಣೆಯುತ್ತಿದ್ದಾಗ ಹುಡುಗಿಯ ಕಿವಿಯ ಹಿಂದೆ ನಾಣ್ಯದಷ್ಟು ಅಗಲದ ನುಣ್ಣನೆಯ ಜಾಗವೊಂದು ಅವಳ ಬೆರಳಿಗೆ ಸಿಕ್ಕಿತ್ತು. ಆ ಬೆರಳಿಗೆ ಅಂಥ ಜಾಗದ ಪರಿಚಯ ಹಳೆಯದು. ಏನೂ ಆಗದವಳ ಹಾಗೆ ಹೆಣೆಯುತ್ತ ಹೋದಳು. ಹುಡುಗಿ ಕನ್ನಡಿಯಲ್ಲಿ ಅವಳ ಮುಖ ನೋಡಿ ಕೇಳಿಯೇಬಿಟ್ಟಳು: "ಅಮ್ಮಾ, ನಂಗೂ ನಿನ್ ಥರಾನೇ ಆಗುತ್ತಾ?"

ಆಗಲೇಬೇಕು ಅಂತೇನಿಲ್ಲ ಎಂದರು ಚರ್ಮದ ಡಾಕ್ಟರು. ಈಗ ಹೊಸ ಗುಳಿಗೆ ಬಂದಿದೆ. ಶುರುವಿನಲ್ಲೇ ಹಿಡಿದು ಒಂದು ವರ್ಷ ಬಿಡದೆ ನುಂಗಿಸಿದರೆ ಕೂದಲು ಉಳಿಯುವ ಸಾಧ್ಯತೆ ಬಹಳ ಇದೆ. ತಡ ಮಾಡಿದರೆ ಏನೂ ಹೇಳಲಾಗದು. ಗುಳಿಗೆಯ ಬೆಲೆ ಕೇಳಿ ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ತಿಂಗಳ ಗುಳಿಗೆಗೆ ಅವಳ ಸಂಬಳದ ಮುಕ್ಕಾಲು ಭಾಗ ಹೋಗುತ್ತಿತ್ತು. "ಪ್ರಾಣಕ್ಕೇನೂ ಅಪಾಯ ಇಲ್ಲ ಬಿಡಿ" ಎಂದು ಡಾಕ್ಟರು ಸಮಾಧಾನ ಹೇಳಿದರು. ಪ್ರಾಣಕ್ಕೆ ಅಪಾಯವಿಲ್ಲದ ಕಾಯಿಲೆಯಷ್ಟು ದುಬಾರಿಯಾದದ್ದು ಬೇರೊಂದಿಲ್ಲ ಎಂಬುದು ಅವಳ ಅನುಭವ. ಅಪಾಯವಿದ್ದರೆ ನೆಂಟರಾದರೂ ಕೈಯೆತ್ತಿ ಕೊಡುತ್ತಾರೆ.

ಅವಳ ಕೂದಲು ಉದುರಿದ್ದು ಹನ್ನೊಂದೇ ವಾರಗಳಲ್ಲಿ. ತಲೆ, ಹುಬ್ಬು, ರೆಪ್ಪೆ, ಎಲ್ಲ. ಒಂದೂವರೆ ವರ್ಷ ತಲೆಗೆ ಚುಚ್ಚಿಸಿಕೊಂಡಳು, ಆರು ವಾರಕ್ಕೊಮ್ಮೆ ನಲವತ್ತು ಚುಚ್ಚು, ಪ್ರತಿ ಸಲವೂ ಒಂದು ದಿನದ ಸಂಬಳ ಕಡಿತ. ಅಲ್ಲೊಂದು ಇಲ್ಲೊಂದು ಬಿಳಿ ನೂಲು ಹುಟ್ಟಿ ಉದುರಿತು, ಅಷ್ಟೇ. ಆಮೇಲೆ ವಿಗ್ಗು. ನಿಜವಾದ ಕೂದಲಿನ ವಿಗ್ಗಿಗೆ ಮೂರು ತಿಂಗಳ ಸಂಬಳ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಅದಕ್ಕೂ ಕೂದಲು ಉದುರುವ ಕಾಯಿಲೆ ಬರುತ್ತದೆ, ಗಂಟು ಸಡಿಲವಾಗಿ ನೆತ್ತಿಯ ಬಲೆ ಇಣುಕುತ್ತದೆ. ಅದರ ಅಂಟು ಬೇರೆ, ಅಂಟು ಬಿಡಿಸುವ ಎಣ್ಣೆ ಬೇರೆ, ತೊಳೆಯುವ ಸೋಪು ಬೇರೆ. ಸೆಕೆಗಾಲದಲ್ಲಿ ಅಂಟಿನ ಕೆಳಗೆ ಹುಣ್ಣಾದರೆ ಅದರ ಮುಲಾಮು ಬೇರೆ. ವಿಗ್ಗಿನ ಅಂಗಡಿಯವನು ಪ್ರತಿ ಸಲವೂ ಕಾಫಿ ತರಿಸಿಕೊಡುತ್ತಿದ್ದ. ಬೋಳು ತಲೆಯನ್ನೇ ಮತ್ತೆ ಮತ್ತೆ ಬೋಳಿಸುವವನಿಗೆ ಅಷ್ಟೂ ಮರ್ಯಾದೆ ಇರಬೇಡವೇ!

ಅಗ್ಗದ ನೈಲಾನಿನದ್ದು ಒಂದು ಸಲ ಹಾಕಿ ನೋಡಿದ್ದಳು. ಮನೆಯ ಬೆಳಕಿನಲ್ಲಿ ಪರವಾಗಿರಲಿಲ್ಲ. ಆದರೆ ಅವಳು ಕೆಲಸ ಮಾಡುವುದು ವಾಚಿನ ಅಂಗಡಿಯಲ್ಲಿ, ತಲೆಯ ಮೇಲೆ ನಲವತ್ತು ಬಲ್ಬು. ಅಲ್ಲಿ ಅದು ಬೊಂಬೆಯ ತಲೆಯಂತೆ ಮಿಂಚುತ್ತಿತ್ತು.

ಒಂಬತ್ತು ವರ್ಷದ ಹಿಂದೆ ಆ ಅಂಗಡಿಗೆ ಸೇರುವಾಗಲೇ ಅವಳು ವಿಗ್ಗು ಹಾಕಿಕೊಂಡು ಹೋಗಿದ್ದಳು. ತಪ್ಪಾದದ್ದೇ ಅಲ್ಲಿ. ಮೊದಲ ದಿನ ಬೋಳು ತಲೆಯಲ್ಲೇ ಹೋಗಿದ್ದರೆ ಒಂದು ವಾರದ ನಾಚಿಕೆಯಲ್ಲಿ ಮುಗಿಯುತ್ತಿತ್ತು. ಈಗ ಹಾಗೆ ಹೋದರೆ ಒಂಬತ್ತು ವರ್ಷದ ಸುಳ್ಳು ಹೊರಗೆ ಬೀಳುತ್ತದೆ. ಅದಕ್ಕೇ ಒಂದು ಸವೆಯುವಷ್ಟರಲ್ಲಿ ಇನ್ನೊಂದು ಕೊಳ್ಳಬೇಕು, ಅದಕ್ಕಾಗಿ ದುಡಿಯಬೇಕು, ದುಡಿಯಲು ಹೋಗಬೇಕಾದರೆ ಅದನ್ನು ಹಾಕಿಕೊಳ್ಳಬೇಕು. ಈ ಸುತ್ತಿನಿಂದ ಹೊರಗೆ ಬರುವ ಬಾಗಿಲು ಎಲ್ಲಿದೆ ಎಂದು ಅವಳಿಗೆ ಒಂದು ದಿನವೂ ಕಂಡಿರಲಿಲ್ಲ.

ಗಂಡ ಬೈಂಡಿಂಗ್ ಕೆಲಸದವನು, ಮಾತು ಕಡಿಮೆ. ಸ್ಕೂಟರು ಮಾರಿದಾಗಲೂ ತುಟಿ ಪಿಟ್ಟೆನ್ನದವನು ಈ ಸಲ ಮಾತ್ರ ಬಾಯಿ ತೆರೆದ. "ಈ ವರ್ಷ ವಿಗ್ಗು ಒಂದು ಬೇಡ ಅಂದ್ಕೊಂಡ್ರೆ ನಾಲ್ಕು ತಿಂಗಳ ಗುಳಿಗೆ ಆಗುತ್ತಲ್ಲ. ಮಿಕ್ಕಿದ್ದು ಹೇಗೋ ನೋಡೋಣ."

"ನೀವು ಒಂದಿನ ಪ್ಯಾಂಟ್ ಇಲ್ದೆ ಪ್ರೆಸ್ಸಿಗೆ ಹೋಗಿ ಬನ್ನಿ. ಆಮೇಲೆ ಹೇಳಿ ನಂಗೆ."

ಆ ಮೇಲೆ ಅವನು ಆ ಮಾತು ಎತ್ತಲಿಲ್ಲ. ಆದರೆ ಲೆಕ್ಕ ಅವಳ ತಲೆಯೊಳಗೆ ಕೂತೇಬಿಟ್ಟಿತು. ತಲೆಯ ಮೇಲಿನ ವಿಗ್ಗು ಇನ್ನು ಎರಡು ತಿಂಗಳು ತಡೆದರೆ ಹೆಚ್ಚು. ಮಗಳ ಗುಳಿಗೆ ಶುರುವಾಗಬೇಕಾದದ್ದು ಇವತ್ತೇ. ಎರಡರಲ್ಲಿ ಒಂದು ಎನ್ನುವುದಾದರೆ ತಾಯಿಯಾದವಳು ಯಾವುದನ್ನು ಆರಿಸಬೇಕು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆರಿಸಲಾಗದ ತನ್ನ ಮೇಲೇ ಅವಳಿಗೆ ಅಸಹ್ಯವಾಗುತ್ತಿತ್ತು.

ಇಂಥ ಸಮಯದಲ್ಲಿ ಅಂಗಡಿಗೆ ಫೋನು ಬಂತು.

ಫೋನು ಮಾಡಿದವರು ಹಡಗಿನಲ್ಲಿ ಇಂಜಿನಿಯರಾಗಿದ್ದ ಒಬ್ಬ ಅಜ್ಜ. ಆರು ತಿಂಗಳ ಹಿಂದೆ ಸರ್ವಿಸಿಗೆಂದು ಒಂದು ಚಿನ್ನದ ವಾಚು ಕೊಟ್ಟು ಹೋಗಿದ್ದರು. ಅಂಥ ವಾಚು ಆ ಅಂಗಡಿಗೆ ವರ್ಷಕ್ಕೊಂದು ಬಂದರೆ ಹೆಚ್ಚು. ರಿಪೇರಿ ಮಾಡುವ ಮಾಸ್ಟರ್ ಅದನ್ನು ಮೂರು ವಾರ ಮಗುವಿನ ಹಾಗೆ ನೋಡಿಕೊಂಡಿದ್ದರು. "ಸೊಂಟ ಮುರ್ಕೊಂಡು ಮಲಗಿದೀನಮ್ಮ," ಎಂದರು ಅಜ್ಜ. "ಎದ್ದು ಬರೋಕೆ ಇನ್ನೂ ಮೂರ್ನಾಲ್ಕು ತಿಂಗಳಾಗುತ್ತೆ. ಚೀಟಿ ಬೇರೆ ಎಲ್ಲೋ ಬಿದ್ದೋಯ್ತು. ಚೀಟಿ ಇಲ್ದಿದ್ರೂ ಕೊಡ್ತೀರಿ ತಾನೆ?"

"ಅಯ್ಯೋ, ಕೊಡ್ತೀವಿ ಸಾರ್. ನೀವು ನಿಧಾನಕ್ಕೆ ಬನ್ನಿ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಫೋನು ಇಟ್ಟ ಮೇಲೆ ಒಂದು ನಿಮಿಷ ಕೈ ಅಲ್ಲೇ ಇತ್ತು. ಕಳೆದುಹೋದ ಚೀಟಿ ಎಂದರೆ ಯಾರಿಗಾದರೂ ಸಿಕ್ಕಿರಬಹುದಾದ ಚೀಟಿ.

ಅಂಗಡಿಯ ಯಜಮಾನರಿಗೆ ತಮ್ಮ ಪದ್ಧತಿಯ ಬಗ್ಗೆ ತುಂಬ ಹೆಮ್ಮೆ. ಅವರ ತಂದೆಯ ಕಾಲದಿಂದಲೂ ಚೀಟಿ ತಂದವರಿಗೆ ವಾಚು, ಯಾರು ಏನು ಎಂದು ಕೇಳುವಂತಿಲ್ಲ. ಗಿರಾಕಿಯನ್ನು ಅನುಮಾನಿಸಿದರೆ ಅವನು ಮತ್ತೆ ಬರುವುದಿಲ್ಲ ಎನ್ನುತ್ತಿದ್ದರು. ಚೀಟಿ ತಂದವರಿಗೆ ವಾಚು ಎಂದು ಚೀಟಿಯ ಹಿಂದೆ ಅಚ್ಚೂ ಹಾಕಿಸಿದ್ದರು. ಆ ಚೀಟಿ ಬರೆಯುವುದು ಅವಳ ಕೆಲಸ. ನಂಬರು, ವಾಚಿನ ಹೆಸರು, ತಾರೀಕು ಎಲ್ಲ ಅವಳ ಕೈಬರಹ, ಮೇಲೊಂದು ರಬ್ಬರ್ ಮೊಹರು. ಕಳ್ಳ ಚೀಟಿ ಮಾಡಬೇಕಾದವರು ಅಕ್ಷರ ತಿದ್ದಿ ತಿದ್ದಿ ಸಾಯಬೇಕು. ಅವಳಿಗೆ ಆ ಕಷ್ಟವೂ ಇರಲಿಲ್ಲ. ಅಸಲಿ ಬರೆದವಳೂ ಅವಳೇ, ನಕಲಿ ಬರೆಯುವವಳೂ ಅವಳೇ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಇನ್ನೊಂದು ಚೀಟಿ ಬರೆದು, ಹಳೆಯದರ ಹಾಗೆ ಕಾಣಲೆಂದು ಚಪ್ಪಲಿಯೊಳಗೆ ಇಟ್ಟುಕೊಂಡು ಒಂದು ವಾರ ನಡೆದಳು.

ಇನ್ನು ಚೀಟಿ ತರುವವನು ಬೇಕು. ಪಾಲು ಕೇಳದ, ಬಾಯಿ ಬಿಡದ, ಆಮೇಲೆ ಯಾರಿಗೂ ಸಿಗದ ಮನುಷ್ಯ. ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆ ಒರೆಸಿಕೊಳ್ಳುತ್ತ ಕನ್ನಡಿ ನೋಡಿದಾಗ ಅಂಥವನು ಎದುರಿಗೇ ನಿಂತಿದ್ದ.

ಅವಳಿಗೆ ನಗು ಬಂತು. ಹನ್ನೊಂದು ವರ್ಷದಲ್ಲಿ ಕನ್ನಡಿ ನೋಡಿ ನಕ್ಕದ್ದು ಅದೇ ಮೊದಲು. ಹುಬ್ಬಿಲ್ಲ, ರೆಪ್ಪೆಯಿಲ್ಲ, ನೆತ್ತಿ ತೊಳೆದ ತಟ್ಟೆಯ ಹಾಗಿದೆ. ಈ ಮುಖವನ್ನು ಗಂಡ, ಮಗಳು, ಡಾಕ್ಟರು, ವಿಗ್ಗಿನವನು ಬಿಟ್ಟರೆ ಈಗಿನ ಪರಿಚಯದವರು ಯಾರೂ ನೋಡಿಲ್ಲ. ಇಂಥ ತಲೆಯನ್ನು ಕಂಡವರು ತಲೆಯನ್ನೇ ನೋಡುತ್ತಾರೆ, ಮುಖ ನೋಡುವುದಿಲ್ಲ ಎಂಬುದು ವಿಗ್ಗಿಲ್ಲದ ಆ ಒಂದೂವರೆ ವರ್ಷ ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಅವಳು ಕಲಿತ ಪಾಠ. ಒಂದು ಸಲ ನೋಡಿ, ಪಾಪ ಅಂದುಕೊಂಡು, ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಪೊಲೀಸರು ಬಂದು ಕೇಳಿದರೆ ಅಂಗಡಿಯವರು ಹೇಳುವುದು ಒಂದೇ: ಬೋಳು ತಲೆಯ ಗಂಡಸು. ಗಲ್ಲಾದ ಮೇಲಿನ ಕ್ಯಾಮರಾ ಕೂಡ ಬೋಳು ತಲೆಯನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ. ಹಿಡಿಯಲಿ. ಮರುದಿನ ಅವಳು ಹುಬ್ಬು ತೀಡಿಕೊಂಡು, ಭುಜದ ಮೇಲೆ ಕೂದಲು ಇಳಿಬಿಟ್ಟು, ಆ ಚಿತ್ರವನ್ನು ಎಲ್ಲರ ಜೊತೆ ನೋಡಿ "ಥೂ, ಎಂಥಾ ಜನಾನಪ್ಪ" ಎನ್ನುತ್ತಾಳೆ.

ಯಾರ ಕೂದಲೂ ಕೊಂಕುವುದಿಲ್ಲ. ಅಜ್ಜನಿಗೆ ಅಂಗಡಿ ಹಣ ಕೊಡುತ್ತದೆ. ಅಂಗಡಿಗೆ ಇನ್ಶೂರೆನ್ಸ್ ಕೊಡುತ್ತದೆ. ಅಂಗಡಿಯ ಇನ್ಶೂರೆನ್ಸ್ ಇದ್ದದ್ದು ಯಾವ ಕಂಪನಿಯಲ್ಲಿ ಎಂದು ಅವಳಿಗೆ ಗೊತ್ತಿತ್ತು, ವರ್ಷವರ್ಷವೂ ಕಂತು ಕಟ್ಟಿ ಬರುವವಳು ಅವಳೇ. ಮೂರು ಸಾಲಿನ ಕಾಗದ ಬರೆಯುವ ಅದೇ ಕಂಪನಿ. ಮಗಳ ಗುಳಿಗೆಗೆ ನೇರವಾಗಿ ಕೊಡದವರು ಸುತ್ತಿ ಬಳಸಿ ಕೊಡಲಿ. ಇದನ್ನು ಯೋಚಿಸಿದ ದಿನ ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು.

ವಾಚನ್ನು ಮಾರುವ ಕಡೆಯೂ ಗೊತ್ತಿತ್ತು. ರೈಲಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ ಹಳೆ ವಾಚು ಕೊಳ್ಳುವವನೊಬ್ಬ ಇದ್ದ, ಪ್ರಶ್ನೆ ಕೇಳದವನೆಂದು ಹೆಸರಾದವನು. ಬಂದ ಹಣದಲ್ಲಿ ಒಂದು ವರ್ಷದ ಗುಳಿಗೆ ಆಗುತ್ತದೆ, ಒಂದು ವಿಗ್ಗೂ ಆಗುತ್ತದೆ. ಗಂಡನಿಗೆ ಯಜಮಾನರು ಸಾಲ ಕೊಟ್ಟರೆಂದು ಹೇಳುವುದು.

ಎರಡು ಭಾನುವಾರ ಅಭ್ಯಾಸ ಮಾಡಿದಳು. ಗಂಡನ ಹಳೆಯ ಶರ್ಟು, ಪ್ಯಾಂಟು, ಕಾಗದ ತುರುಕಿದ ಶೂಸು, ಕತ್ತಿಗೊಂದು ಮಫ್ಲರು. ಹಿಂದಿನ ಓಣಿಯಿಂದ ಹೊರಬಿದ್ದು ಬಸ್ಸು ಹತ್ತಿದಳು. ಕಂಡಕ್ಟರು "ಎಲ್ಲಿಗೆ ಸಾರ್?" ಎಂದ. ಆ 'ಸಾರ್' ಕೇಳಿ ಅರ್ಧ ಭಯ ಹೋಯಿತು. ತರಕಾರಿ ಮಾರ್ಕೆಟ್ಟಿನಲ್ಲಿ ಎದುರುಮನೆಯಾಕೆ ಎರಡು ಮಾರು ದೂರದಲ್ಲಿ ಸಿಕ್ಕಳು. ದಿನಾ ಬೆಳಿಗ್ಗೆ ಇವಳ ಜೊತೆ ಅರ್ಧ ಗಂಟೆ ಹರಟದಿದ್ದರೆ ತಿಂದದ್ದು ಅರಗದ ಹೆಂಗಸು. ಒಂದು ಸಲ ಇವಳ ಕಡೆ ನೋಡಿದಳು, ಸರಕ್ಕನೆ ಕಣ್ಣು ತೆಗೆದು, ಬೇಡದ ಬದನೆಕಾಯಿಯನ್ನು ಆರಿಸತೊಡಗಿದಳು. ಉಳಿದ ಅರ್ಧ ಭಯವೂ ಅಲ್ಲೇ ಹೋಯಿತು.

ದನಿಯೊಂದೇ ತೊಡಕು. ಅದಕ್ಕೆ ಕೆಮ್ಮು ಕಲಿತಳು. ಮೂರು ಮಾತಿಗಿಂತ ಹೆಚ್ಚು ಆಡುವುದಿಲ್ಲ, ಮೂರನ್ನೂ ಕೆಮ್ಮಿನ ನಡುವೆ ಆಡುವುದು. ಡೆಲಿವರಿ ಪುಸ್ತಕದಲ್ಲಿ ಎಡಗೈಯಲ್ಲಿ ಸಹಿ ಮಾಡುವುದನ್ನು ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಹನ್ನೆರಡು ದಿನ ತಿದ್ದಿದಳು.

ದಿನ ಬುಧವಾರ. ಬುಧವಾರ ಬೆಳಿಗ್ಗೆ ಯಜಮಾನರು ಸಗಟು ವ್ಯಾಪಾರಿಗಳ ಕಡೆ ಹೋಗುತ್ತಾರೆ. ಅಂಗಡಿಯಲ್ಲಿ ಉಳಿಯುವವರು ಇಬ್ಬರೇ. ಒಬ್ಬ ಸೇಲ್ಸಿನವನು. ಇಸ್ತ್ರಿ ಮುರಿಯದ ಶರ್ಟಿನಿಂದಾಗಿ ಎಲ್ಲರ ಬಾಯಲ್ಲಿ ಟಿಪ್‌ಟಾಪ್. ಕನ್ನಡಿಯಲ್ಲಿ ತನ್ನನ್ನು ಬಿಟ್ಟು ಬೇರೆ ಯಾರ ಮುಖವನ್ನೂ ಅವನು ಸರಿಯಾಗಿ ನೋಡಿದವನಲ್ಲ. ಇನ್ನೊಬ್ಬರು ಮಾಸ್ಟರ್. ಹಿಂದಿನ ಗಾಜಿನ ಗೂಡಿನಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಂಗಡಿಗೆ ಬೆನ್ನು ಹಾಕಿ ಕೂತರೆ ಭೂಕಂಪವಾದರೂ ತಿರುಗುವವರಲ್ಲ. ಕಣ್ಣು ತೋರಿಸಿಕೊಳ್ಳಬೇಕೆಂದು ಅವಳು ಆ ದಿನ ರಜೆ ಬರೆದುಕೊಟ್ಟಿದ್ದಳು. "ಹೋಗ್ಬಾ ತಾಯಿ, ಜೋಪಾನ," ಎಂದಿದ್ದರು ಮಾಸ್ಟರ್, ಗೂಡಿನೊಳಗಿಂದಲೇ.

ಹನ್ನೊಂದೂವರೆಗೆ ಅವಳು ಅಂಗಡಿಯ ಗಾಜಿನ ಬಾಗಿಲು ತಳ್ಳಿದಳು. ಒಂಬತ್ತು ವರ್ಷ ಒಳಗಿನಿಂದ ನೋಡಿದ ಅಂಗಡಿಯನ್ನು ಗಿರಾಕಿಯಾಗಿ ನೋಡಿದ್ದು ಅದೇ ಮೊದಲು. ಗೋಡೆಯ ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸುತ್ತಿದ್ದವು. ಒಬ್ಬ ತಂದೆ ಮಗಳ ವಾಚಿಗೆ ಹೊಸ ಪಟ್ಟಿ ಹಾಕಿಸಿಕೊಂಡು ಹೊರಡುತ್ತಿದ್ದ. ಬೋಳು ತಲೆಯ ಮೇಲೆ ಫ್ಯಾನಿನ ಗಾಳಿ ತಣ್ಣಗೆ ಬಿತ್ತು. ಅಂಟಿಲ್ಲ, ತುರಿಕೆಯಿಲ್ಲ, ಎಲ್ಲಿ ಜಾರೀತೋ ಎಂಬ ದಿಗಿಲಿಲ್ಲ. ಹಾಯೆನಿಸಿತು. ಕಳ್ಳತನಕ್ಕೆ ಬಂದವಳಿಗೆ ಹಾಯೆನಿಸಬಾರದಿತ್ತು, ಆದರೂ ಅನಿಸಿತು.

ಚೀಟಿಯನ್ನು ಗಲ್ಲಾದ ಮೇಲಿಟ್ಟು ಕೆಮ್ಮಿದಳು.

ಟಿಪ್‌ಟಾಪ್ ಚೀಟಿ ಎತ್ತಿಕೊಂಡ, ನಂಬರು ಓದಿದ, ಮೊಹರು ನೋಡಿದ, ಸರ್ವಿಸಿನ ಹಣ ಹೇಳಿದ. ಅವಳು ಕೊಟ್ಟಳು. ಅವನು ಡೆಲಿವರಿ ಪುಸ್ತಕ ತೆರೆದು ಮುಂದಕ್ಕೆ ತಳ್ಳಿದ. ಅವಳು ಎಡಗೈಯಲ್ಲಿ ಹುಟ್ಟದ ಮನುಷ್ಯನೊಬ್ಬನ ಹೆಸರು ಬರೆದಳು. ಎಲ್ಲವೂ ನೂರು ಸಲ ಮನಸ್ಸಿನಲ್ಲಿ ನಡೆದ ಹಾಗೇ ನಡೆಯಿತು. ಚಿಲ್ಲರೆ ಕೊಡಲೆಂದು ತಲೆಯೆತ್ತಿದ ಟಿಪ್‌ಟಾಪ್ ಆಗಷ್ಟೇ ಅವಳ ಮುಖ ನೋಡಿದ. "ಒಂದ್ನಿಮಿಷ," ಎಂದು ಚೀಟಿ ಹಿಡಿದುಕೊಂಡೇ ಗಾಜಿನ ಗೂಡಿಗೆ ಹೋದ.

ಸಹಜವೇ. ದುಬಾರಿ ವಾಚು ಮಾಸ್ಟರ್ ಹತ್ತಿರದ ಬೀರುವಿನಲ್ಲಿರುತ್ತದೆ. ಅವಳು ಶೋಕೇಸಿನ ಮೇಲೆ ಬಾಗಿ ಬೇಕಿಲ್ಲದ ಅಲಾರಂ ಗಡಿಯಾರವೊಂದನ್ನು ನೋಡುತ್ತ ನಿಂತಳು. ಗಾಜಿನೊಳಗೆ ಟಿಪ್‌ಟಾಪ್ ಬಾಗಿ ಏನೋ ಹೇಳಿದ್ದು ಕಂಡಿತು. ಫೋನು ಕಿವಿಗಿಟ್ಟದ್ದೂ ಕಂಡಿತು. ಆಮೇಲೆ, ಯಾವತ್ತೂ ತಿರುಗದ ಮಾಸ್ಟರ್ ಸ್ಟೂಲಿನ ಸಮೇತ ತಿರುಗಿದರು.

ಓಡಬೇಕೆಂದು ಅವಳಿಗೆ ಅನಿಸಿತು. ಓಡಿದರೆ ಕೆಟ್ಟಿತು ಎಂದೂ ಅನಿಸಿತು. ಕಾಗದ ತುರುಕಿದ ಶೂಸು ನೆಲಕ್ಕೆ ಕಚ್ಚಿಕೊಂಡವು.

ಮಾಸ್ಟರ್ ಭೂತಗನ್ನಡಿಯನ್ನು ಹಣೆಗೆ ಏರಿಸಿಕೊಂಡು ನಿಧಾನವಾಗಿ ಬಂದರು. ಕೈಯಲ್ಲಿ ವಾಚು ಇರಲಿಲ್ಲ, ಒಂದು ಲೋಟ ನೀರಿತ್ತು. ಅದನ್ನು ಅವಳ ಮುಂದಿಟ್ಟು ಸ್ಟೂಲು ಎಳೆದರು. "ಕೂತ್ಕೊ ತಾಯಿ," ಎಂದರು. "ಕೊನೆಗೂ ಹಾಗೇ ಬಂದ್ಯಲ್ಲ. ನನಗೆಷ್ಟು ಸಮಾಧಾನ ಆಯ್ತು ಗೊತ್ತಾ?"

ಅವಳು ಕೆಮ್ಮಿದಳು. ಕೆಮ್ಮು ಸರಿಯಾಗಿ ಬರಲಿಲ್ಲ.

"ಅಕ್ಕಾ, ಯಜಮಾನ್ರಿಗೂ ಹೇಳ್ಬಿಟ್ಟೆ," ಎಂದ ಟಿಪ್‌ಟಾಪ್. ಅವನ ಮುಖ ಅರಳಿತ್ತು. "ಅರ್ಧ ದಾರಿಯಿಂದ ವಾಪಸ್ ಬರ್ತಿದಾರೆ. ನಮ್ಮ ಮುಂದೆ ಅವಳು ಇನ್ನು ಕಷ್ಟಪಡೋದು ತಪ್ಪಿತಲ್ಲ ಅಂತ ಅವರಿಗೂ ಖುಷಿ. ಯಾರೂ ಏನೂ ಕೇಳ್ಬಾರ್ದು, ಅವಳಾಗೇ ಹೇಳೋವರೆಗೂ ಸುಮ್ನಿರಿ ಅಂತ ವಿಗ್ಗಿನ ವಿಷಯ ಗೊತ್ತಾದವತ್ತೇ ಆರ್ಡರ್ ಮಾಡಿದ್ರಲ್ಲ! ಅದ್ಸರಿ, ಆ ಅಜ್ಜನ ವಾಚನ್ನ ನೀವೇ ತಲುಪಿಸ್ತೀರಾ? ಮತ್ತೆ ಈ ಸಹಿ ಯಾರ್ದು?"

ಆರು ವಿಗ್ಗುಗಳು ಅವಳ ಕಣ್ಣ ಮುಂದೆ ಸಾಲಾಗಿ ಬಂದವು. ಒಂದೊಂದೂ ನಾಲ್ಕು ತಿಂಗಳ ಗುಳಿಗೆ. ಆರೂ ಈ ಇಬ್ಬರಿಗಾಗಿ, ಯಜಮಾನರಿಗಾಗಿ, ಬದನೆಕಾಯಿ ಆರಿಸಿದ ಎದುರುಮನೆಯಾಕೆಗಾಗಿ. ಮಗಳ ಎರಡು ವರ್ಷದ ಗುಳಿಗೆಯನ್ನು ಅವಳು ತಲೆಯ ಮೇಲೆ ಹೊತ್ತು ತಿರುಗಿದ್ದಳು, ಯಾರೂ ಕೇಳದೆ. ಗಲ್ಲಾದ ಮೇಲೆ ಪುಸ್ತಕ ತೆರೆದೇ ಇತ್ತು, ಎಡಗೈಯ ಶಾಯಿ ಇನ್ನೂ ಆರಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತಳು. ಹೊರಗೆ ಯಜಮಾನರ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

"ಯಾವಾಗ್ಲಿಂದ ಗೊತ್ತು?" ಎಂದು ತನ್ನದೇ ದನಿಯಲ್ಲಿ ಕೇಳಿದಳು. "ಎರಡನೇ ವರ್ಷದಿಂದ," ಎಂದರು ಮಾಸ್ಟರ್, ಬಹಳ ಮೆತ್ತಗೆ, ಅವಳಿಗೆ ನೋವಾಗಬಾರದೆಂದು. "ಎಲ್ಲರ ಕೂದಲೂ ಬೆಳೆಯುತ್ತೆ, ಕತ್ತರಿಸ್ಕೊಂಡು ಬರ್ತಾರೆ, ಮತ್ತೆ ಬೆಳೆಯುತ್ತೆ. ನಿನ್ನದು ಮಾತ್ರ ಅವತ್ತಿಂದ ಇವತ್ತಿನವರೆಗೆ ಒಂದೇ ಅಳತೆ ತಾಯಿ, ಒಂದು ನೂಲಿನಷ್ಟೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ನಿಂತುಹೋದದ್ದು ಯಾವುದು, ಓಡ್ತಿರೋದು ಯಾವುದು ಅಂತ ನೋಡೋದೇ ಅಲ್ವಾ ನನ್ನ ಕೆಲಸ?" ಹಾಗೆಂದು ಅವರು ಭೂತಗನ್ನಡಿಯನ್ನು ಕಣ್ಣಿಗಿಳಿಸಿ, ಟಿಪ್‌ಟಾಪ್‌ನ ಕೈಯಿಂದ ಚೀಟಿ ತೆಗೆದುಕೊಂಡು ಬೆಳಕಿಗೆ ಹಿಡಿದರು.